ಹಳೆಯ ನಳಿಗೆ, ಹೊಸ ಚರೆ

ಚುನಾವಣೆ ಬಂದಿತೆಂಬ ಸುದ್ದಿಯನ್ನು ಬಂಗಾರಪೇಟೆಯ ನಮ್ಮ ಮನೆಗೆ ಮೊದಲು ತಲಪಿಸುವುದು ವೃತ್ತಪತ್ರಿಕೆಯಲ್ಲ, ಪೊಲೀಸು ಠಾಣೆ. “ಮೇಷ್ಟ್ರೇ, ತುಪಾಕಿ ತಂದು ಒಪ್ಪಿಸಬೇಕಂತೆ” ಎಂದು ಯಾರೋ ಒಬ್ಬರು ಬಾಗಿಲಲ್ಲಿ ನಿಂತು ಹೇಳಿಹೋಗುತ್ತಾರೆ. ನಾನು ಬೀರುವಿನ ಬೀಗ ತೆಗೆದು, ಕ್ಯಾನ್‌ವಾಸಿನ ಚೀಲದ ಧೂಳು ಕೊಡವಿ, ಪರವಾನಿಗೆಯ ಪುಸ್ತಕವನ್ನು ಜೊತೆಗಿಟ್ಟುಕೊಂಡು ಹೋಗಿ ಒಪ್ಪಿಸಿ ರಸೀತಿ ಪಡೆದು ಬರುತ್ತೇನೆ. ಮತಗಳ ಎಣಿಕೆ ಮುಗಿದು, ಗೆದ್ದವರು ಹಾರ ಹಾಕಿಸಿಕೊಂಡು ಸೋತವರು ಮನೆ ಸೇರಿದ ಮೇಲೆ ರಸೀತಿ ತೋರಿಸಿ ಬಿಡಿಸಿಕೊಂಡು ಬರುತ್ತೇನೆ. ಎಷ್ಟೋ ವರ್ಷಗಳಿಂದ ಆ ಬಂದೂಕು ಮಾಡಿರುವ ಪ್ರಯಾಣವೆಲ್ಲ ಇಷ್ಟೇ. ಮನೆಯಿಂದ ಠಾಣೆಗೆ, ಠಾಣೆಯಿಂದ ಮನೆಗೆ. ಅದರ ಬಾಯಿಂದ ಸದ್ದು ಹೊರಟು ಐವತ್ತು ವರ್ಷಗಳ ಮೇಲಾಯಿತು.

ಬಂದೂಕು ತಾತನದು. ತಾತ ಚಾಂಪಿಯನ್ ರೀಫ್ ಗಣಿಯ ಉಗ್ರಾಣದಲ್ಲಿ ಗುಮಾಸ್ತರಾಗಿದ್ದರು. ದಿನವೂ ಬೆಳಗಿನ ರೈಲಿನಲ್ಲಿ ಬಂಗಾರಪೇಟೆಯಿಂದ ಗಣಿಗೆ ಹೋಗಿ, ಸಂಜೆಯ ರೈಲಿನಲ್ಲಿ ಹಿಂದಿರುಗುವರು. ಅವರ ಬಾಯಲ್ಲಿ ನಮ್ಮ ಊರು ಕಡೆಯವರೆಗೂ ಬೌರಿಂಗ್‌ಪೇಟೆಯೇ. ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಸಾಹೇಬರ ಹೆಸರನ್ನು ಊರು ಬಿಟ್ಟರೂ ಅವರು ಬಿಡಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಜಾನ್ ಟೇಲರ್ ಸಂಸ್ಥೆಯ ಆಡಳಿತದಲ್ಲಿದ್ದ ಚಿನ್ನದ ಗಣಿಗಳನ್ನು 1956ರಲ್ಲಿ ಮೈಸೂರು ಸರ್ಕಾರ ವಹಿಸಿಕೊಂಡಿತು. ಸ್ವದೇಶಕ್ಕೆ ಹೊರಟ ಅಧಿಕಾರಿಗಳಲ್ಲಿ ಒಬ್ಬರು ತಮ್ಮ ಸಾಮಾನನ್ನೆಲ್ಲ ಮಾರಿದಾಗ ಬೇರೆಯವರು ಮೇಜು, ಕುರ್ಚಿ, ಪಿಂಗಾಣಿ ಕೊಂಡರು. ನಮ್ಮ ತಾತ ಪರವಾನಿಗೆ ಮಾಡಿಸಿ ಈ ಜೋಡುನಳಿಗೆಯನ್ನು ಕೊಂಡರು. ಅಜ್ಜಿ ಆರು ತಿಂಗಳು ಅವರೊಡನೆ ಸರಿಯಾಗಿ ಮಾತನಾಡಲಿಲ್ಲವಂತೆ.

ಈ ಬಂದೂಕನ್ನು ಕುರಿತು ಬರೆಯಬೇಕೆಂಬ ಉದ್ದೇಶ ನನಗೆ ಎಂದೂ ಇರಲಿಲ್ಲ. ಬರೆಯುವಂತೆ ಮಾಡಿದವನು ನನ್ನ ತಂಗಿಯ ಮಗ. ಆತ ಅಮೆರಿಕದ ಮಿನ್ನೆಸೋಟಾ ಪ್ರಾಂತದಲ್ಲಿ ಎಂಜಿನಿಯರು. ಅದು ಹತ್ತು ಸಾವಿರ ಕೆರೆಗಳ ನಾಡೆಂದು ಹೆಸರಾದ ಪ್ರದೇಶ. ಕೆರೆಗಳ ಜಿಲ್ಲೆಯಿಂದ ಹೋದ ಹುಡುಗ ಕೆರೆಗಳ ನಾಡನ್ನೇ ಸೇರಿದ್ದು ಕಂಡು ನನಗೆ ಸಂತೋಷವಾಗಿತ್ತು. ಅಲ್ಲಿ ಶರತ್ಕಾಲ ಬಂತೆಂದರೆ ಬಾತುಕೋಳಿಗಳ ಬೇಟೆ. ನಮ್ಮಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಮುಗಿದುಹೋದ ಆ ವಿನೋದ ಅಲ್ಲಿ ಕಾನೂನಿನ ಕಟ್ಟಿನೊಳಗೆ ಇನ್ನೂ ನಡೆದುಬಂದಿದೆ. ಒಂದು ರಾತ್ರಿ ಆತ ದೂರವಾಣಿಯಲ್ಲಿ ಮುಖ ತೋರಿಸಿ, ಎಳೆಯ ಮಗುವಿನ ಉತ್ಸಾಹದಿಂದ ಒಂದು ಬಂದೂಕನ್ನು ಎತ್ತಿ ಹಿಡಿದ.

“ಮಾವ, ನೋಡಿ! ಮುತ್ತಾತನ ಬಂದೂಕಿನ ಅಣ್ಣನೋ ತಮ್ಮನೋ ಇದು. ಬರ್ಮಿಂಗ್‌ಹ್ಯಾಮಿನದು. ನೆರೆಮನೆಯ ಮುದುಕರು ಕೊಟ್ಟರು. ಅವರ ಅಜ್ಜನದಂತೆ. ಬರುವ ಶನಿವಾರ ಇದನ್ನೇ ಹಿಡಿದುಕೊಂಡು ಕೆರೆಗೆ ಹೋಗುತ್ತೇನೆ.”

“ಏನು ತುಂಬಿ ಹೊಡೆಯುತ್ತೀಯಪ್ಪ?” ಎಂದೆ.

“ಉಕ್ಕಿನ ಚರೆ. ಇಲ್ಲಿ ಬಾತಿಗೆ ಸೀಸ ಹೊಡೆಯುವ ಹಾಗಿಲ್ಲ. ತೋಟಾ ತಂದಿದ್ದೇನೆ. ಹಾಕಿ ನೋಡಿದೆ, ಅಳತೆ ತೆಗೆದು ಮಾಡಿದ ಹಾಗೆ ಕೂತುಕೊಂಡಿತು.”

ಆ ಕೊನೆಯ ಮಾತು ನನ್ನ ನಿದ್ರೆಯನ್ನು ಕೆಡಿಸಿತು.

*

ಬಂದೂಕಿನ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು ಹೇಳಬೇಕು. ಚರೆ ಎಂದರೆ ತೋಟಾದೊಳಗೆ ತುಂಬಿರುವ ಸಾಸಿವೆಯಿಂದ ಮೆಣಸುಕಾಳಿನವರೆಗಿನ ಗಾತ್ರದ ಗುಂಡುಗಳು. ರೈಫಲ್ಲಿನಂತೆ ಒಂದೇ ಗುಂಡನ್ನು ಎಸೆಯದೆ, ಈ ಬಂದೂಕು ನೂರಾರು ಕಾಳುಗಳನ್ನು ಒಮ್ಮೆಗೇ ಬೀಜ ಬಿತ್ತಿದಂತೆ ಎರಚುತ್ತದೆ. ಹನ್ನೆರಡರ ನಳಿಗೆ ಎಂದು ನಾವು ಹೇಳುವುದಕ್ಕೂ ಒಂದು ಅರ್ಥವಿದೆ: ಒಂದು ಪೌಂಡು ಸೀಸದಲ್ಲಿ ಸಮನಾದ ಹನ್ನೆರಡು ಗುಂಡುಗಳನ್ನು ಎರಕ ಹೊಯ್ದರೆ ಒಂದೊಂದು ಎಷ್ಟು ದಪ್ಪವಾಗುವುದೋ ಅಷ್ಟು ನಳಿಗೆಯ ಒಳಗಲ. ಅದು ಸುಮಾರು 18.5 ಮಿಲಿಮೀಟರು. ಅಳತೆಯ ಹೆಸರಿನಲ್ಲಿಯೇ ಸೀಸ ಸೇರಿಕೊಂಡಿದೆ ಎಂಬುದನ್ನು ಗಮನಿಸಬೇಕು. ಈ ಬಂದೂಕುಗಳನ್ನು ಕಟ್ಟಿದವರ ಮನಸ್ಸಿನಲ್ಲಿ ಸೀಸವಲ್ಲದೆ ಬೇರೆಯ ಲೋಹವಿರಲಿಲ್ಲ.

ಸೀಸವನ್ನು ಏಕೆ ಬಿಟ್ಟರು? ಕಾರಣ ಉದಾತ್ತವಾದದ್ದು. ಬಾತುಕೋಳಿಗೆ ಹಲ್ಲಿಲ್ಲ. ತಿಂದದ್ದನ್ನು ಅರೆಯುವುದಕ್ಕಾಗಿ ಅದು ಕೆರೆಯ ತಳದಿಂದ ಸಣ್ಣ ಕಲ್ಲುಹರಳುಗಳನ್ನು ನುಂಗಿ ಹೊಟ್ಟೆಯ ಗಟ್ಟಿಚೀಲದಲ್ಲಿ ಇರಿಸಿಕೊಳ್ಳುತ್ತದೆ. ಬೇಟೆಗಾರನ ಚರೆಯಲ್ಲಿ ಗುರಿಗೆ ತಗಲುವ ಕಾಳು ಕೆಲವೇ. ಉಳಿದದ್ದೆಲ್ಲ ನೀರಿಗೆ ಬಿದ್ದು ಕೆಸರಿನಲ್ಲಿ ಕೂರುತ್ತದೆ. ಹಕ್ಕಿ ಅದನ್ನೂ ಹರಳೆಂದು ನುಂಗುತ್ತದೆ. ಸೀಸ ಅರೆದು ಕರಗಿ ರಕ್ತಕ್ಕೆ ಸೇರುತ್ತದೆ. ಒಂದೆರಡು ಕಾಳು ಸಾಕು. ರೆಕ್ಕೆ ಜೋತುಬಿದ್ದು, ಹಾರಲಾರದೆ, ಮೇಯಲಾರದೆ ಹಕ್ಕಿ ಸಾಯುತ್ತದೆ. ಗುಂಡು ತಗಲದ ಹಕ್ಕಿಯೂ ಗುಂಡಿನಿಂದಲೇ ಸಾಯುವ ಈ ಅನ್ಯಾಯವನ್ನು ತಡೆಯಲು ಅಮೆರಿಕದಲ್ಲಿ 1991ರಿಂದ ದೇಶಾದ್ಯಂತ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆಯನ್ನು ನಿಷೇಧಿಸಿದರು. ಡೆನ್ಮಾರ್ಕ್ 1996ರಲ್ಲಿ ಎಲ್ಲ ಬೇಟೆಗೂ ನಿಷೇಧವನ್ನು ವಿಸ್ತರಿಸಿತು. ಯೂರೋಪಿನ ಒಕ್ಕೂಟದ ರಾಜ್ಯಗಳಲ್ಲಿ 2023ರಿಂದ ಜೌಗುನೆಲಗಳಲ್ಲಿ ಸೀಸದ ಚರೆ ಸಲ್ಲದು. ಸೀಸದ ಸ್ಥಾನಕ್ಕೆ ಬಂದದ್ದು ಮುಖ್ಯವಾಗಿ ಉಕ್ಕು. ನಿಜವಾಗಿ ಹೇಳಬೇಕೆಂದರೆ ಕಾಯಿಸಿ ಮೆದುಮಾಡಿದ ಕಬ್ಬಿಣ.

ಹೀಗೆ ನನ್ನ ಸೋದರಳಿಯ ಮಾಡಹೊರಟದ್ದು ಧರ್ಮವೇ ಆಗಿತ್ತು. ಆದರೆ ಆ ಧರ್ಮವನ್ನು ಹೊರುವ ಶಕ್ತಿ ಆ ಹಳೆಯ ನಳಿಗೆಗೆ ಉಂಟೇ?

*

ಮರುದಿನ ನಮ್ಮ ಮೇಸ್ತ್ರಿಗೆ ಹೇಳಿಕಳುಹಿಸಿದೆ. ಅವರು ಗಣಿಯ ವರ್ಕ್‌ಷಾಪಿನಲ್ಲಿ ಫಿಟ್ಟರಾಗಿ ಮೂವತ್ತು ವರ್ಷ ಕೆಲಸ ಮಾಡಿ, 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದಾಗ ಮನೆಗೆ ಬಂದವರು. ಮನೆಯಲ್ಲಿ ತಮಿಳು, ಹೊರಗೆ ಕನ್ನಡ, ಕೋಪ ಬಂದಾಗ ತೆಲುಗು. ನಾನು ಮೇಷ್ಟ್ರು, ಅವರು ಮೇಸ್ತ್ರಿ. ಒಂದೇ ಶಬ್ದದ ಎರಡು ಕವಲುಗಳೆಂದು ಇಬ್ಬರೂ ನಗುತ್ತಿರುತ್ತೇವೆ. ಅಧಿಕಾರಿಗಳ ಬಂದೂಕುಗಳ ತಿರುಪು ಸಡಿಲವಾದರೆ ವರ್ಕ್‌ಷಾಪಿಗೆ ಬರುತ್ತಿದ್ದ ಕಾಲದಲ್ಲಿ ಅವರಿಗೆ ಈ ಯಂತ್ರದ ಪರಿಚಯವಾಗಿತ್ತು. ಲೋಹದ ಪರಿಚಯವಂತೂ ಜನ್ಮದ್ದು.

ಮೇಸ್ತ್ರಿ ಬಂದವರೇ ಬಂದೂಕನ್ನು ಮುರಿದು, ಎಂದರೆ ಕೀಲಿನಲ್ಲಿ ಬಗ್ಗಿಸಿ, ಒಳಗೆ ತೋಟಾ ಇಲ್ಲವೆಂದು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ನೋಡಿದರು. ಐವತ್ತು ವರ್ಷ ಹಾರಿಸದ ಬಂದೂಕೆಂದು ನಾನು ನಕ್ಕೆ. ಅವರು ನಗಲಿಲ್ಲ. ಆಮೇಲೆ ನಳಿಗೆಗಳನ್ನು ಬೇರ್ಪಡಿಸಿ ಮಡಿಲಲ್ಲಿ ಇಟ್ಟುಕೊಂಡು ಪಾಠವನ್ನು ಆರಂಭಿಸಿದರು.

“ಮೇಷ್ಟ್ರೇ, ನಳಿಗೆ ಹಿಂದಿನಿಂದ ಮುಂದಿನವರೆಗೆ ಒಂದೇ ಅಗಲ ಅಂತ ತಿಳಕೊಂಡಿದ್ದೀರಾ? ಅಲ್ಲ. ಬಾಯಿ ಹತ್ತಿರ ಸ್ವಲ್ಪ ಕಿರಿದು ಮಾಡಿರ್ತಾರೆ. ಅದೇ ಚೋಕು.”

ಚರೆ ತೀರ ಚೆದರಿಹೋಗದಂತೆ ಒತ್ತಟ್ಟಿಗೆ ಹಿಡಿದು ಕಳುಹಿಸುವುದಕ್ಕಾಗಿ ಬಾಯಿಯನ್ನು ಹೀಗೆ ಬಿಗಿಮಾಡಿರುತ್ತಾರೆ. ಪೂರ್ಣ ಚೋಕಿನಲ್ಲಿ ಬಿಗಿತ ಸುಮಾರು ಒಂದು ಮಿಲಿಮೀಟರು; ಅರ್ಧ ಚೋಕಿನಲ್ಲಿ ಅದರ ಅರ್ಧ. ಜೋಡುನಳಿಗೆಯಲ್ಲಿ ಸಾಮಾನ್ಯವಾಗಿ ಒಂದು ನಳಿಗೆ ಸಡಿಲ, ಇನ್ನೊಂದು ಬಿಗಿ, ಹತ್ತಿರಕ್ಕೊಂದು, ದೂರಕ್ಕೊಂದು. ಒಂದು ಮಿಲಿಮೀಟರು ಎಂದರೆ ಏನು ಮಹಾ ಎನಿಸಬಹುದು. ಆದರೆ ಚರೆಯ ಗುಂಪು ಕಣ್ಣೆವೆ ಮುಚ್ಚುವುದರೊಳಗೆ ಈ ಕಿರಿದಾದ ಕಂಠವನ್ನು ದಾಟಬೇಕು. ಸೀಸ ಮೆದು. ಹಿಟ್ಟಿನ ಉಂಡೆಯಂತೆ ಒಂದನ್ನೊಂದು ಒತ್ತಿ, ಚಪ್ಪಟೆಯಾಗಿ, ನಳಿಗೆಯ ಮಾತನ್ನು ಕೇಳಿ ಹೊರಬೀಳುತ್ತದೆ. ಉಕ್ಕಿನ ಕಾಳು ಸೀಸಕ್ಕಿಂತ ಹಲವು ಪಟ್ಟು ಗಟ್ಟಿ, ಅದು ಬಗ್ಗುವುದಿಲ್ಲ. ಚರೆ ಬಗ್ಗದಿದ್ದರೆ ನಳಿಗೆ ಬಗ್ಗಬೇಕು. ಕಿರಿದಾಗುವ ಜಾಗದಲ್ಲಿ ಹಳೆಯ ನಳಿಗೆ ಉಂಗುರದಂತೆ ಉಬ್ಬುತ್ತದೆ. ಎರಡು ನಳಿಗೆಗಳನ್ನು ಕೂಡಿಸಿರುವ ಬೆಸುಗೆ ಬಿಡುತ್ತದೆ. ಕಾಳು ದಪ್ಪವಾದಷ್ಟೂ, ವೇಗ ಹೆಚ್ಚಿದಷ್ಟೂ, ಚೋಕು ಬಿಗಿಯಾದಷ್ಟೂ ಅಪಾಯ ಹೆಚ್ಚು.

ದುರದೃಷ್ಟವಶಾತ್ ಉಕ್ಕಿನ ಸ್ವಭಾವವೇ ಇವುಗಳಲ್ಲಿ ಮೊದಲ ಎರಡನ್ನೂ ಬೇಡುವಂಥದು. ಸೀಸದ ಸಾಂದ್ರತೆ ನೀರಿನ 11.3ರಷ್ಟು, ಕಬ್ಬಿಣದ್ದು 7.8ರಷ್ಟು. ಹಗುರವಾದ ಕಾಳು ಗಾಳಿಯಲ್ಲಿ ಬೇಗ ಸೊರಗುತ್ತದೆ. ಆ ಕೊರತೆಯನ್ನು ತುಂಬಲು ಎರಡು ಅಂಕೆಯಷ್ಟು ದಪ್ಪನೆಯ ಕಾಳನ್ನು ಆರಿಸುತ್ತಾರೆ, ಹೆಚ್ಚಿನ ವೇಗ ಕೊಡುತ್ತಾರೆ. ಕಾಳುಗಳು ನಳಿಗೆಯ ಒಳಮೈಯನ್ನು ಗೀರದಂತೆ ದಪ್ಪ ಪ್ಲಾಸ್ಟಿಕ್ಕಿನ ಬಟ್ಟಲಿನಲ್ಲಿ ತುಂಬಿರುತ್ತಾರೆ ಎಂಬುದು ನಿಜ. ಆದರೆ ಬಟ್ಟಲು ಗೀರನ್ನು ತಡೆಯುವುದೇ ಹೊರತು ಬಿಗಿಯನ್ನು ಸಡಿಲಿಸುವುದಿಲ್ಲ.

“ಇನ್ನೊಂದು ವಿಷಯ,” ಎಂದರು ಮೇಸ್ತ್ರಿ. “ಹುಡುಗ ತೋಟಾ ಕೂತುಕೊಳ್ತು ಅಂದನಲ್ಲ, ಅಲ್ಲೇ ಮೋಸ ಇರೋದು.”

ಇದು ಈ ಇಡೀ ಪ್ರಕರಣದ ತಿರುಳು. ಹಳೆಯ ಇಂಗ್ಲಿಷ್ ಬಂದೂಕುಗಳಲ್ಲಿ ತೋಟಾ ಕೂರುವ ಗೂಡು ಸಾಮಾನ್ಯವಾಗಿ ಎರಡೂವರೆ ಅಂಗುಲ, ಎಂದರೆ 65 ಮಿಲಿಮೀಟರು. ಇಂದಿನ ತೋಟಾಗಳಲ್ಲಿ ಹೆಚ್ಚಿನವು ಎರಡೂಮುಕ್ಕಾಲು ಅಂಗುಲ, 70 ಮಿಲಿಮೀಟರು. ಈ ಅಳತೆ ಹಾರಿದ ತೋಟಾದ ಅಳತೆ. ಹಾರುವ ಮೊದಲು ಅದರ ಬಾಯಿ ಮಡಿಸಿ ಮುಚ್ಚಿರುವುದರಿಂದ ತೋಟಾ ಗಿಡ್ಡವಾಗಿಯೇ ಕಾಣುತ್ತದೆ. ಆದ್ದರಿಂದ ಗಿಡ್ಡ ಗೂಡಿನಲ್ಲಿ ಉದ್ದ ತೋಟಾ ಸಲೀಸಾಗಿ ಕೂರುತ್ತದೆ, ಬಂದೂಕು ಟಕ್ಕೆಂದು ಮುಚ್ಚಿಕೊಳ್ಳುತ್ತದೆ. ಹಾರಿಸಿದಾಗ ಮಡಿಕೆ ಬಿಚ್ಚಿಕೊಂಡು ಗೂಡಿನ ಗಡಿ ದಾಟಿ ನಳಿಗೆಯ ಕಿರಿದಾದ ಭಾಗಕ್ಕೆ ಚಾಚುತ್ತದೆ. ಚರೆ ಹೊರಡುವ ಬಾಗಿಲಲ್ಲಿಯೇ ಹೊಸದೊಂದು ಅಡಚಣೆ; ಹಿಂದೆ ಒತ್ತಡ ಏರುತ್ತದೆ. ಒಳಗೆ ಹಿಡಿಸಿತು ಎಂದ ಮಾತ್ರಕ್ಕೆ ಒಗ್ಗಿತು ಎಂದು ತಿಳಿಯಬಾರದು.

ಒತ್ತಡದ ಮಾತು ಬಂದಾಗ ಮೇಸ್ತ್ರಿಯ ಧ್ವನಿ ಇಳಿಯಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಮಿಗಿಲಾದ ಆಳ. ಲೋಕದ ಅತ್ಯಂತ ಆಳವಾದ ಗಣಿಗಳಲ್ಲಿ ಒಂದಾಗಿತ್ತು. ಅಷ್ಟು ಆಳದಲ್ಲಿ ಅದಿರನ್ನು ತೆಗೆದಲ್ಲೆಲ್ಲ ಮೇಲಿನ ಬಂಡೆಯ ಭಾರ ಉಳಿದ ಗೋಡೆಗಳ ಮೇಲೆ ಕೂರುತ್ತದೆ. ನೋಡಲು ನಿಶ್ಚಲವಾದ ಗೋಡೆ ಒಂದು ಕ್ಷಣದಲ್ಲಿ ಸಿಡಿದುಹೋಗುತ್ತಿತ್ತು. ಬಂಡೆಸಿಡಿತವೆಂದರೆ ಕೆಳಗಿನವರಿಗೆ ಮಾತ್ರವಲ್ಲ, ಮೇಲೆ ಮನೆಯಲ್ಲಿ ಮಲಗಿದ್ದವರಿಗೂ ಗೊತ್ತು; ಪಾತ್ರೆಗಳು ಅಲುಗುತ್ತಿದ್ದುವು, ಗೋಡೆಗಳು ಬಿರಿಯುತ್ತಿದ್ದುವು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಕೆ.ಜಿ.ಎಫ್.ನಲ್ಲಿ ನೆಲೆಗೊಂಡುದರ ಹಿಂದೆ ಈ ಅನುಭವವೇ ಇದೆ.

“ಒತ್ತಡ ಕಣ್ಣಿಗೆ ಕಾಣಲ್ಲ ಮೇಷ್ಟ್ರೇ. ನಿನ್ನೆ ತಡೀತು ಅನ್ನೋದು ಇವತ್ತಿಗೆ ಜಾಮೀನಲ್ಲ. ಕೇಜಿನ ಹಗ್ಗ ನೋಡೋಕೆ ಚೆನ್ನಾಗೇ ಇರೋದು. ಆದರೂ ತುದಿ ಕತ್ತರಿಸಿ ಎಳೆದು ಪರೀಕ್ಷೆ ಮಾಡ್ತಿದ್ದೆವು. ಚೆನ್ನಾಗಿದೆ ಅಂತ ನಂಬಿ ಯಾರನ್ನೂ ಕೆಳಗೆ ಇಳಿಸ್ತಿರಲಿಲ್ಲ.”

*

ಬಂದೂಕಿಗೂ ಇಂಥ ಪರೀಕ್ಷೆಯುಂಟು. ಲಂಡನ್ ಮತ್ತು ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹಗಳಲ್ಲಿ ಪ್ರತಿಯೊಂದು ನಳಿಗೆಗೂ ವಾಡಿಕೆಗಿಂತ ಹೆಚ್ಚಿನ ಮದ್ದು ತುಂಬಿ ಹಾರಿಸಿ, ತಡೆದುಕೊಂಡರೆ ಮುದ್ರೆ ಒತ್ತುತ್ತಾರೆ. ಬರ್ಮಿಂಗ್‌ಹ್ಯಾಮಿನ ಗೃಹ 1813ರ ಶಾಸನದಿಂದ ಹುಟ್ಟಿದ್ದು. ನಳಿಗೆಯನ್ನು ಕಳಚಿ ತಿರುಗಿಸಿದರೆ ಅದರ ಅಡಿಯ ಚಪ್ಪಟೆಭಾಗದಲ್ಲಿ ಈ ಮುದ್ರೆಗಳು ಕಾಣುತ್ತವೆ. ಶಾಸನ ಓದುವವನಿಗೆ ಕಲ್ಲು ಮಾತನಾಡುವಂತೆ ಓದಬಲ್ಲವನಿಗೆ ಇವು ಬಂದೂಕಿನ ಜಾತಕವನ್ನೇ ಹೇಳುತ್ತವೆ: ಯಾವ ಮದ್ದಿಗೆ ಪರೀಕ್ಷೆಯಾಯಿತು, ನಳಿಗೆಯ ಒಳಗಲ ಎಷ್ಟು, ಹೊಸದಾದರೆ ಗೂಡಿನ ಉದ್ದವೆಷ್ಟು. ಹಳೆಯದು ಕರಿಮದ್ದು. ಆಮೇಲೆ ಬಂದ ಹೊಗೆಯಿಲ್ಲದ ನೈಟ್ರೋ ಮದ್ದಿನ ಒತ್ತಡದ ರೀತಿಯೇ ಬೇರೆ. ನೈಟ್ರೋ ಮುದ್ರೆಯಿಲ್ಲದ ಬಂದೂಕಿಗೆ ಇಂದಿನ ಯಾವ ತೋಟಾವೂ ತಕ್ಕದ್ದಲ್ಲ. ಉಕ್ಕಿನ ಮಾತಿರಲಿ, ಸೀಸದ್ದೂ ಅಲ್ಲ.

ಅಂದು ರಾತ್ರಿ ಸೋದರಳಿಯನಿಗೆ ನಳಿಗೆ ಕಳಚಿ ಅಡಿಭಾಗದ ಚಿತ್ರ ಕಳುಹಿಸಲು ಹೇಳಿದೆವು. ಕಿರೀಟವೊಂದರ ಕೆಳಗೆ ಅಡ್ಡಹಾಯ್ದ ಎರಡು ರಾಜದಂಡಗಳು, ಅವುಗಳ ಸಂದುಗಳಲ್ಲಿ ಮೂರು ಅಕ್ಷರ. ಅದು ಬರ್ಮಿಂಗ್‌ಹ್ಯಾಮಿನಲ್ಲಿ 1904ಕ್ಕೆ ಮುಂಚೆ ಒತ್ತುತ್ತಿದ್ದ ಮುದ್ರೆ. ನೈಟ್ರೋ ಎಂಬ ಸುಳಿವು ಎಲ್ಲಿಯೂ ಇರಲಿಲ್ಲ. ಇನ್ನೊಂದು ಚಿತ್ರದಲ್ಲಿ ನಳಿಗೆಯ ಮೈಮೇಲೆ ಸುರುಳಿಸುರುಳಿಯಾದ ಕಂದು ರೇಖೆಗಳು ಹಾವಿನ ಪೊರೆಯಂತೆ ಹೊಳೆಯುತ್ತಿದ್ದುವು.

“ಎಂಥ ಕೆತ್ತನೆ ನೋಡಿ ಮಾವ!” ಎಂದ ಹುಡುಗ.

ಮೇಸ್ತ್ರಿ ತಲೆಯಾಡಿಸಿದರು. “ಕೆತ್ತನೆ ಅಲ್ಲಪ್ಪ, ಹೆಣಿಗೆ. ಕಬ್ಬಿಣದ ಪಟ್ಟಿ, ಉಕ್ಕಿನ ಪಟ್ಟಿ ಸೇರಿಸಿ ಮುರಿಗೆ ಹಾಕಿ, ಸರಳಿಗೆ ಸುತ್ತಿ, ಕಾಸಿ ಬಡಿದು ಮಾಡಿದ ನಳಿಗೆ. ಡಮಾಸ್ಕಸ್ ಅಂತಾರೆ. ಇದರೊಳಗೆ ಮೊಳಗಟ್ಟಲೆ ಬೆಸುಗೆ ಇದೆ. ನೂರು ವರ್ಷದಲ್ಲಿ ಯಾವ ಬೆಸುಗೆ ಒಳಗೆ ತುಕ್ಕು ಕೂತಿದೆ ಅಂತ ದೇವರಿಗೇ ಗೊತ್ತು.”

ಹುಡುಗ ಸುಮ್ಮನಾಗಲಿಲ್ಲ. ವಿದ್ಯಾವಂತ, ವಾದ ಬಲ್ಲವನು. ಯೂರೋಪಿನಲ್ಲಿ ಹಳೆಯ ಬಂದೂಕುಗಳಿಗೂ ಉಕ್ಕಿನ ಚರೆ ಹಾಕುತ್ತಾರೆಂದು ಓದಿದ್ದೇನೆ ಎಂದ. ಓದಿದ್ದು ಸುಳ್ಳಲ್ಲ, ಆದರೆ ಅರ್ಧ. ಅಲ್ಲಿ ಉಕ್ಕಿನ ತೋಟಾಗಳಲ್ಲಿ ಎರಡು ವರ್ಗ. ಸಾಮಾನ್ಯ ವರ್ಗದ್ದರಲ್ಲಿ ಹನ್ನೆರಡರ ನಳಿಗೆಗೆ ಒತ್ತಡ 740 ಬಾರ್ ಮೀರಬಾರದು. ಕಾಳಿನ ದಪ್ಪಕ್ಕೂ ವೇಗಕ್ಕೂ ಮಿತಿಯುಂಟು. ಇದನ್ನು ನೈಟ್ರೋ ಪರೀಕ್ಷೆಯಾದ, ಸುಸ್ಥಿತಿಯಲ್ಲಿರುವ, ಗೂಡಿನ ಉದ್ದ ಸರಿಹೊಂದುವ, ಚೋಕು ಅರ್ಧಕ್ಕಿಂತ ಬಿಗಿಯಿಲ್ಲದ ಬಂದೂಕಿನಲ್ಲಿ ಬಳಸಬಹುದೆಂದು ಬಲ್ಲವರು ಹೇಳುತ್ತಾರೆ. ಹೆಚ್ಚು ಒತ್ತಡದ ವರ್ಗದ್ದು 1050 ಬಾರ್‌ವರೆಗೆ ಹೋಗುತ್ತದೆ. ಅದಕ್ಕೆ ಪ್ರತ್ಯೇಕ ಪರೀಕ್ಷೆಯಾಗಿ ಲಿಲ್ಲಿಹೂವಿನ ಮುದ್ರೆ ಬಿದ್ದ ಬಂದೂಕೇ ಆಗಬೇಕು. ಅಮೆರಿಕದ ಅಂಗಡಿಯ ಪೆಟ್ಟಿಗೆ ಈ ವರ್ಗೀಕರಣಕ್ಕೆ ಸೇರಿದ್ದೂ ಅಲ್ಲ, ಮುತ್ತಜ್ಜನ ಕಾಲದ ಇಂಗ್ಲಿಷ್ ಬಂದೂಕನ್ನು ನೆನೆದು ತುಂಬಿದ್ದೂ ಅಲ್ಲ. ಎಷ್ಟೋ ಷರತ್ತುಗಳ ಸರಪಳಿಯಲ್ಲಿ ಮೊದಲ ಕೊಂಡಿಯೇ ಆತನ ಕೈಯಲ್ಲಿರಲಿಲ್ಲ.

“ನೂರು ವರ್ಷ ತಡೆದಿದೆ ಮಾವ,” ಎಂದ ಕೊನೆಗೆ. “ಎರಡು ಈಡಿಗೆ ಏನಾಗುತ್ತದೆ?”

*

ಆ ಪ್ರಶ್ನೆಗೆ ಉತ್ತರ ನನ್ನ ಎದುರಿಗೇ ಇತ್ತು. ಮೇಸ್ತ್ರಿಯ ಬೆರಳು ಅಷ್ಟರಲ್ಲಿ ತಾತನ ಬಂದೂಕಿನ ಎಡನಳಿಗೆಯ ಮೇಲೆ ಬಾಯಿಯತ್ತ ಜಾರುತ್ತ ಹೋಗಿ ತುದಿಗೆ ನಾಲ್ಕು ಬೆರಳಿರುವಾಗ ನಿಂತುಬಿಟ್ಟಿತ್ತು. ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡಿದರು. ಅಲ್ಲಿ ನೆರಳಿನ ಉಂಗುರವೊಂದು ಸ್ಪಷ್ಟವಾಗಿ ಕಂಡಿತು.

“ಇದು ಉಬ್ಬಿದೆ ಮೇಷ್ಟ್ರೇ. ಹಾರಿಸಿದಾಗ ಒಳಗೆ ಏನೋ ಇತ್ತು. ಕೆಸರೋ, ಚಿಂದಿಯೋ.”

ಕೆಸರು. ಅದು ನನಗೆ ಗೊತ್ತಿತ್ತು. ಅರುವತ್ತು ವರ್ಷಗಳಿಂದ ನನಗೊಬ್ಬನಿಗೇ ಗೊತ್ತಿತ್ತು.

ನನಗಾಗ ಹತ್ತು ವರ್ಷ. ಪಾಲಾರ್ ನದಿಯ ನೀರು ನಿಲ್ಲುವ, ಗಣಿಯ ಊರಿಗೆಲ್ಲ ನೀರು ಕೊಡುತ್ತಿದ್ದ ಬೇತಮಂಗಲದ ಕೆರೆಗೆ ಚಳಿಗಾಲದಲ್ಲಿ ಉತ್ತರದಿಂದ ಬಾತುಗಳು ಬಂದಿಳಿಯುತ್ತಿದ್ದುವು. ಆಗ ಕಾಯಿದೆ ಇನ್ನೂ ಬಂದಿರಲಿಲ್ಲ. ತಾತ ಒಂದು ಭಾನುವಾರ ನನ್ನನ್ನೂ ಕರೆದೊಯ್ದರು. ಖಾಲಿ ಬಂದೂಕನ್ನು ಹೊರುವ ಗೌರವ ನನ್ನದಾಯಿತು. ಏರಿಯ ಇಳಿಜಾರಿನಲ್ಲಿ ಕಾಲು ಜಾರಿದಾಗ ಬೀಳದಿರಲೆಂದು ಬಂದೂಕನ್ನು ಕೋಲಿನಂತೆ ಊರಿದೆ. ಬಾಯಿ ಕೆಳಗಾಗಿತ್ತು. ಎರಡು ನಳಿಗೆಗೂ ಕೆಸರು ಮೆತ್ತಿತು. ತಾತ ಮುಂದೆ ನಡೆದಿದ್ದರು. ಬಲಗಡೆಯ ಕೆಸರನ್ನು ಕಡ್ಡಿಯಿಂದ ಕೆದಕಿ ತೆಗೆದೆ. ಎಡಗಡೆಯದಕ್ಕೆ ಕೈಹಚ್ಚುವಷ್ಟರಲ್ಲಿ ಅವರು ತಿರುಗಿ ನೋಡದೆಯೇ ಕೈಚಾಚಿದರು. ಹೊರಗಿನದನ್ನು ಅಂಗಿಯ ಚುಂಗಿನಿಂದ ಒರೆಸಿ ಕೊಟ್ಟುಬಿಟ್ಟೆ. ಹೇಳಿದರೆ ಇನ್ನು ಕರೆತರುವುದಿಲ್ಲವೆಂಬ ಭಯ.

ಬಾತುಗಳು ಎದ್ದುವು. ಬಲನಳಿಗೆ ಮೊಳಗಿತು. ಎಡನಳಿಗೆಯ ಸದ್ದು ಬೇರೆಯಾಗಿತ್ತು. ಒಡೆದ ಗಂಟೆಯಂತೆ ಕೇಳಿಸಿತು. ತಾತನ ಎಡಗೈ ನಳಿಗೆಗಳ ಕೆಳಗಿತ್ತು. ನಾನು ಅವರ ಪಕ್ಕದಲ್ಲಿಯೇ ನಿಂತಿದ್ದೆ. ನಳಿಗೆ ಉಬ್ಬಿ ನಿಂತಿತು, ಸೀಳಲಿಲ್ಲ. ಸೀಳದಿದ್ದುದಕ್ಕೆ ನನ್ನ ಬುದ್ಧಿಯಾಗಲಿ ತಾತನ ಕೌಶಲವಾಗಲಿ ಕಾರಣವಲ್ಲ. ತಾತ ಬಂದೂಕನ್ನು ಬಹಳ ಹೊತ್ತು ನೋಡಿದರು. ನನ್ನ ಅಂಗಿಯ ಚುಂಗನ್ನೂ ನೋಡಿದರೆಂದು ಕಾಣುತ್ತದೆ. ಏನೂ ಹೇಳಲಿಲ್ಲ. ಅಲ್ಲಿಂದಾಚೆಗೆ ಅವರು ಬಲನಳಿಗೆಗೆ ಮಾತ್ರ ತೋಟಾ ತುಂಬುತ್ತಿದ್ದರು. ತುಂಬುವ ಮೊದಲು ಒಂದು ಕಣ್ಣು ಮುಚ್ಚಿ ನಳಿಗೆಯಲ್ಲಿ ಬೆಳಕು ನೋಡುತ್ತಿದ್ದರು. ಮನೆಯಲ್ಲಿ ಯಾರೂ ಕಾರಣ ಕೇಳಲಿಲ್ಲ.

ಈ ಕಥೆಯನ್ನು ಆ ರಾತ್ರಿ ಮೊದಲ ಬಾರಿಗೆ ಹೇಳಿದೆ. ಮಿನ್ನೆಸೋಟಾದಲ್ಲಿ ಹುಡುಗನೂ ನಮ್ಮ ಪಡಸಾಲೆಯಲ್ಲಿ ಮೇಸ್ತ್ರಿಯೂ ಮೌನವಾಗಿ ಕೇಳಿದರು. ಹಳೆಯ ಬಂದೂಕಿನ ಬಿಗಿ ಬಾಯಲ್ಲಿ ಉಕ್ಕಿನ ಚರೆ ಮಾಡುವುದೂ ಇಂಥದೇ ಉಂಗುರ. ನನ್ನದು ಅಜ್ಞಾನದ ಕೆಸರು. ಅವನದು ಕಾನೂನು ಒಪ್ಪಿದ ಶುದ್ಧ ಲೋಹ. ನಳಿಗೆಗೆ ಆ ಭೇದ ತಿಳಿಯದು.

“ಮಗೂ,” ಎಂದೆ, “ತಡೆಯಿತು ಎಂದು ಹೇಳುವುದಕ್ಕೆ ನಾನು ಬದುಕಿದ್ದೇನೆ, ಅಷ್ಟೇ. ತಡೆಯದಿದ್ದವರು ಬಂದು ಹೇಳುವುದಿಲ್ಲ.”

*

ಹುಡುಗ ಶನಿವಾರ ಕೆರೆಗೆ ಹೋಗಲಿಲ್ಲ. ಬಂದೂಕಿನ ಕೆಲಸ ಬಲ್ಲ ಒಬ್ಬರ ಬಳಿಗೆ ಹೋದ. ಅವರು ಗೂಡನ್ನು ಅಳೆದು ಎರಡೂವರೆ ಅಂಗುಲವೆಂದರು. ಆತ ತಂದಿದ್ದ ತೋಟಾ ಎರಡೂಮುಕ್ಕಾಲಿನದು. ಒಳಗಲವನ್ನೂ ಗೋಡೆಯ ದಪ್ಪವನ್ನೂ ಅಳೆದರು. ಹೊರಗಿನಿಂದ ಎಲ್ಲಿಯೂ ತಿಳಿಯದಿದ್ದರೂ ತುಕ್ಕನ್ನು ಉಜ್ಜಿ ತೆಗೆದಿದ್ದ ಒಂದೆಡೆ ಗೋಡೆ ತೀರ ತೆಳುವಾಗಿತ್ತಂತೆ. ಗೋಡೆಗೆ ತೂಗುಹಾಕುವುದೊಂದೇ ಇದಕ್ಕೆ ಉಳಿದ ಉದ್ಯೋಗ ಎಂದು ಹೇಳಿ ಕಳುಹಿಸಿದರು. ಮುಂದಿನ ವಾರ ಆತ ಉಕ್ಕಿಗೆಂದೇ ಮಾಡಿದ ಬಂದೂಕೊಂದನ್ನು ಗೆಳೆಯನಿಂದ ಪಡೆದು ಹೋಗಿ, ಏನೂ ಹೊಡೆಯದೆ, ನೆಗಡಿ ಹಿಡಿಸಿಕೊಂಡು ಬಂದ. ನೈಟ್ರೋ ಪರೀಕ್ಷೆಯಾಗಿ ಆರೋಗ್ಯವಾಗಿದ್ದೂ ಚೋಕು ಬಿಗಿಯಾದ ಹಳೆಯ ಬಂದೂಕುಳ್ಳವರಿಗೆ ಬಿಸ್ಮತ್ತೆಂಬ ಲೋಹದ ಚರೆ ಇದೆಯಂತೆ. ಅದು ಸೀಸದಂತೆ ಮೆದು, ಸಾಂದ್ರತೆ 9.6ರಷ್ಟು, ಬೆಲೆ ಮಾತ್ರ ಗಟ್ಟಿ. ಅಲ್ಲಿಯೂ ಗೂಡಿನ ಉದ್ದ ಸರಿಹೊಂದಲೇಬೇಕು.

ನಮ್ಮ ನಾಡಿನಲ್ಲಿ ಇದೆಲ್ಲ ಏಕೆ ಎಂದು ಯಾರಾದರೂ ಕೇಳಬಹುದು. ಇಲ್ಲಿ ದೊರೆಯುವ ತೋಟಾಗಳಲ್ಲಿ ಸಾಮಾನ್ಯವಾಗಿ ಸೀಸವೇ; ಬಾತಿನ ಬೇಟೆಯೂ ಇಲ್ಲ. ಆದರೂ ಬೂದಿಕೋಟೆಯ, ಕಾಮಸಮುದ್ರದ ಕಡೆಯ ಹೊಲಗಳಲ್ಲಿ ಬೆಳೆಯ ಕಾವಲಿಗೆಂದು ಪರವಾನಿಗೆ ಪಡೆದ ಮನೆಗಳಿವೆ. ಅಟ್ಟದ ಮೇಲೆ, ಬೀರುವಿನಲ್ಲಿ ತಾತಂದಿರ ಜೋಡುನಳಿಗೆಗಳಿವೆ. ಸೀಸದ ವಿಷವನ್ನು ಅರಿತ ಮೊಮ್ಮಕ್ಕಳು ನಾಳೆ ಸದುದ್ದೇಶದಿಂದಲೇ ಹೊಸ ಚರೆಯನ್ನು ತರಬಹುದು. ಅಂಥವರು ಮೊದಲು ನಳಿಗೆಯೊಳಗೆ ಬೆಳಕು ನೋಡಲಿ. ಅಡಿಯ ಮುದ್ರೆಯನ್ನು ಓದಿಸಲಿ. ಗೂಡನ್ನು, ಚೋಕನ್ನು, ಗೋಡೆಯನ್ನು ಬಲ್ಲವರಿಂದ ಅಳೆಯಿಸಲಿ. ಒಂದರಲ್ಲಿಯಾದರೂ ಸಂದೇಹವುಳಿದರೆ ಬಂದೂಕನ್ನು ಮರಳಿ ಬೀರುವಿನಲ್ಲಿಡಲಿ. ಕೋಲಾರದ ಸೀಮೆಯಲ್ಲಿ ಎಲ್ಲಿ ನೋಡಿದರೂ ಬಂಡೆ ಎಂಬುದನ್ನೂ ಮರೆಯಬಾರದು. ಸೀಸದ ಕಾಳು ಬಂಡೆಗೆ ಬಡಿದು ಚಪ್ಪಟೆಯಾಗುತ್ತದೆ. ಉಕ್ಕಿನ ಕಾಳು ಬಂಡೆಯಿಂದಲೂ ನೀರಿನಿಂದಲೂ ಪುಟಿದು ಹಾರಿಸಿದವನ ಕಣ್ಣಿಗೇ ಮರಳಬಲ್ಲುದು.

ಮೇಸ್ತ್ರಿ ಹೊರಡುವ ಮುನ್ನ ಬಂದೂಕನ್ನು ಎಣ್ಣೆಬಟ್ಟೆಯಿಂದ ಒರೆಸಿ ಜೋಡಿಸಿ ಕೊಟ್ಟರು. “ನಿಮ್ಮ ಕಾಲ ಆದ ಮೇಲೆ ಇದು ಯಾರ ಕೈಗೆ ಹೋಗುತ್ತೋ. ಹೇಳಿಟ್ಟುಬಿಡಿ ಮೇಷ್ಟ್ರೇ,” ಎಂದರು.

ಅಂದೇ ದಪ್ಪ ಕಾಗದದ ಚೀಟಿಯೊಂದನ್ನು ದಾರದಿಂದ ಕುದುರೆಯ ಕಾಪಿಗೆ ಕಟ್ಟಿದ್ದೇನೆ. ಅದರ ಮೇಲೆ “ಎಡನಳಿಗೆ ಬಾಯಿಯ ಬಳಿ ಉಬ್ಬಿದೆ. ಈ ಬಂದೂಕನ್ನು ಯಾರೂ ಹಾರಿಸಕೂಡದು” ಎಂದು ಬರೆದು ರುಜು ಹಾಕಿದೆ. ಮುಂದಿನ ಚುನಾವಣೆಯಲ್ಲಿ ಠಾಣೆಯವರು ಓದಿದರೆ ಓದಲಿ. ತಾತ ಹೇಳದೆ ಬಿಟ್ಟ ಮಾತು ಅದು. ಉಬ್ಬಿದ್ದು ಯಾರಿಂದ ಎಂಬುದನ್ನೂ ಅದರ ಕೆಳಗೆ ಒಂದು ಸಾಲಿನಲ್ಲಿ ಬರೆದಿದ್ದೇನೆ.